ಇಜಿಆರ್‌ಗೆ ತಗಡು ಬೇಡ, ಬಿಚ್ಚಿ ತೊಳೆಯಿರಿ

ಕಾಫಿ ಕೊಯ್ಲು ಹತ್ತಿರವಾಗುತ್ತಿದ್ದಂತೆ ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ಗ್ಯಾರೇಜುಗಳ ಮುಂದೆ ಪಿಕಪ್ ಗಾಡಿಗಳು ಸಾಲುಗಟ್ಟುತ್ತವೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ದೂರು: ಏರಿನಲ್ಲಿ ಎಳೆಯಲ್ಲ, ಹಿಂದೆ ಕಪ್ಪು ಹೊಗೆ, ಮೀಟರಿನಲ್ಲಿ ಎಂಜಿನ್ ದೀಪ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಹೇಳುವುದೂ ಒಂದೇ ಮಾತು: ‘ಇಜಿಆರ್ ಕಟ್ಟಿಕೊಂಡಿದೆ ಸಾರ್. ತಗಡು ಹಾಕಿ ಮುಚ್ಚಿಬಿಡ್ತೀನಿ, ಇನ್ನು ಈ ತಂಟೆನೇ ಇರಲ್ಲ.’ ಸಂಜೆಯೊಳಗೆ ಆಳುಗಳನ್ನು ಮನೆ ಮುಟ್ಟಿಸಬೇಕಾದ ಮಾಲೀಕರು ‘ಹಾಕಪ್ಪ ಅತ್ಲಾಗೆ’ ಅನ್ನುತ್ತಾರೆ. ಮುಂದಿನ ಸುಗ್ಗಿಗೆ ಅದೇ ಗಾಡಿ ಬೇರೆ ರೋಗ ಹೊತ್ತುಕೊಂಡು ಅಲ್ಲಿಗೇ ಬರುತ್ತದೆ.

ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದಷ್ಟನ್ನು ತಿರುಗಿ ಎಂಜಿನ್ ಒಳಕ್ಕೇ ಬಿಡುವುದು ಇಜಿಆರ್ ಕವಾಟದ ಕೆಲಸ. ಕೇಳಿದರೆ ಹುಚ್ಚುತನ ಅನ್ನಿಸುತ್ತದೆ, ಆದರೆ ಲೆಕ್ಕ ಸರಿಯಾಗಿಯೇ ಇದೆ. ಸಿಲಿಂಡರಿನೊಳಗೆ ಉರಿಯ ತಾಪ ವಿಪರೀತ ಏರಿದಾಗ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಮ್ಲಜನಕ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದು ಅದೇ. ಉರಿದು ಬಂದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದನ್ನು ಬೆರೆಸಿದರೆ ತಾಪ ಇಳಿಯುತ್ತದೆ, ವಿಷ ಕಡಿಮೆಯಾಗುತ್ತದೆ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದಾಗ ಡೀಸೆಲ್ ಕಾರುಗಳಿಗೆ ಈ ಅನಿಲದ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಪಿಕಪ್‌ಗಳ ಮಿತಿಯೂ ಅದೇ ರೀತಿ ಬಿಗಿಯಾಯಿತು.

ಹೊಗೆಯ ಮಸಿ ಕೂತು ಕೂತು ಈ ಕವಾಟ ಕಟ್ಟಿಕೊಳ್ಳುತ್ತದೆ. ತೊಳೆಯುವ ಬದಲು ಆ ದಾರಿಗೇ ತಗಡು ಹಾಕಿ ಮುಚ್ಚಿದರೆ ಏನಾಗುತ್ತದೆ? ಹಳೆಯ ಗಾಡಿಯಲ್ಲಿ ಕೆಲವು ದಿನ ಎಳೆತ ಬಂದಂತೆ ಅನ್ನಿಸಬಹುದು, ಒಪ್ಪಿದೆ. ಆದರೆ ಒಳಗೆ ಎಷ್ಟು ಗಾಳಿ ಹೋಗಬೇಕು ಎಂಬ ಲೆಕ್ಕ ಎಂಜಿನ್ ಕಂಪ್ಯೂಟರಿಗೆ ಗೊತ್ತಿರುತ್ತದೆ. ಲೆಕ್ಕ ತಪ್ಪಿದರೆ ದೀಪ ಹತ್ತಿಸುತ್ತದೆ. ಕೆಲವು ಗಾಡಿಗಳಲ್ಲಿ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಚಾರ್ಮಾಡಿ ಏರಿನಲ್ಲಿ ಲೋಡ್ ಹೊತ್ತಿರುವಾಗ ಹೀಗಾದರೆ ಹಿಂದೆ ನಿಂತ ಬಸ್ಸಿನವರು ಸುಮ್ಮನಿರುತ್ತಾರೆಯೇ? ಬಿಎಸ್6 ಗಾಡಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಕೂಡ ಇದೇ ಲೆಕ್ಕಾಚಾರಕ್ಕೆ ಕಟ್ಟುಬಿದ್ದಿರುತ್ತದೆ, ಒಂದನ್ನು ಕೆಡಿಸಿದರೆ ಇನ್ನೊಂದೂ ಕೈಕೊಡುತ್ತದೆ. ಕಾನೂನಿನ ಮಾತು ಬೇರೆಯೇ ಇದೆ. ಕಂಪನಿ ಕೊಟ್ಟ ರಚನೆಯನ್ನು ಹೀಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರ ತಿದ್ದುಪಡಿಯ ನಂತರ ವಾಯುಮಾಲಿನ್ಯದ ನಿಯಮ ಮೀರಿದ ಗಾಡಿ ಓಡಿಸಿದರೆ ದಂಡ 10,000 ರೂಪಾಯಿಯವರೆಗೂ ಹೋಗುತ್ತದೆ. ‘ಎಮಿಷನ್ ಟೆಸ್ಟ್ ಪಾಸಾಯ್ತಲ್ಲ’ ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. ಅಲ್ಲಿ ಡೀಸೆಲ್ ಗಾಡಿಗೆ ನೋಡುವುದು ಹೊಗೆ ಎಷ್ಟು ಕಪ್ಪಗಿದೆ ಎಂದಷ್ಟೇ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ.

ಆದ್ದರಿಂದ ತೊಳೆಯುವುದೇ ಸರಿ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರಿಗೆ ಅರ್ಧ ದಿನದ ಕೆಲಸ.

ಮೊದಲು ರೋಗ ಖಾತ್ರಿ ಮಾಡಿಕೊಳ್ಳಿ

ಎಂಜಿನ್ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡನ್ನು ಸ್ಕ್ಯಾನರ್ ಇರುವವರ ಹತ್ತಿರ ಓದಿಸಿ. ಪಿ0401 ಎಂದರೆ ಇಜಿಆರ್‌ನಲ್ಲಿ ಹೊಗೆಯ ಹರಿವು ಸಾಲದು, ಪಿ0402 ಎಂದರೆ ಜಾಸ್ತಿ ಹರಿಯುತ್ತಿದೆ. ಪಿ0403 ಬಂದರೆ ಅದು ವೈರಿಂಗ್ ಅಥವಾ ಕರೆಂಟಿನ ತೊಂದರೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಏರ್ ಫಿಲ್ಟರ್ ಬಿಚ್ಚಿ ನೋಡುವುದನ್ನು ಮರೆಯಬೇಡಿ. ತೋಟದ ಕೆಂಧೂಳು ಮೆತ್ತಿ ಫಿಲ್ಟರ್ ಕಟ್ಟಿಕೊಂಡರೂ ಇದೇ ಕಪ್ಪು ಹೊಗೆ ಬರುತ್ತದೆ, ಬೈಗುಳ ಮಾತ್ರ ಇಜಿಆರ್‌ಗೆ.

ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಅದರ ಮಟ್ಟವನ್ನೂ ನೋಡಿ. ಕೆಳಗೆ ಎಲ್ಲೂ ಸೋರಿಕೆ ಕಾಣದೆ ಕೂಲೆಂಟ್ ಇಳಿಯುತ್ತಿದ್ದು, ಸೈಲೆನ್ಸರಿನಲ್ಲಿ ಬಿಳಿ ಹಬೆ ನಿಲ್ಲದೆ ಬರುತ್ತಿದ್ದರೆ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಳಗೆ ಬಿರುಕು ಬಿಟ್ಟಿರಬಹುದು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಸಾಮಾನು

ಸಾಕೆಟ್ ಸೆಟ್, ತುಕ್ಕು ಬಿಡಿಸುವ ಸ್ಪ್ರೇ, ಎರಡು ಡಬ್ಬಿ ಕಾರ್ಬ್ ಕ್ಲೀನರ್ ಅಥವಾ ಇಜಿಆರ್ ಕ್ಲೀನರ್, ಹಳೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಸೀಳು, ವೇಸ್ಟ್ ಬಟ್ಟೆ, ಕೈಗವಸು, ಕನ್ನಡಕ. ಸಂದಿನಲ್ಲಿ ಹೊಗೆ ಸೋರದಂತೆ ಇಡುವ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಮೊದಲೇ ತಂದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಹಾಸನಕ್ಕೋ ಚಿಕ್ಕಮಗಳೂರಿಗೋ ಓಡೋಣವೆಂದರೆ ಓಡಲು ಗಾಡಿಯೇ ಇರುವುದಿಲ್ಲ.

ಡೀಸೆಲ್ ಟ್ಯಾಂಕಿಗೆ ಸುರಿಯುವ ‘ಇಜಿಆರ್ ಕ್ಲೀನ್’ ಬಾಟಲಿಗೆ ದುಡ್ಡು ಹಾಕಬೇಡಿ. ಡೀಸೆಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುತ್ತದೆ, ಇಜಿಆರ್ ದಾರಿಯಲ್ಲಿ ಹಾದು ಹೋಗುವುದೇ ಇಲ್ಲ. ಹಾದು ಹೋಗದ ಜಾಗವನ್ನು ಅದು ತೊಳೆಯುವುದಾದರೂ ಹೇಗೆ? ಎಂಜಿನ್ ಓಡುತ್ತಿರುವಾಗ ಗಾಳಿಯ ಪೈಪಿಗೆ ಸ್ಪ್ರೇ ಹೊಡೆಯುವ ‘ಹತ್ತು ನಿಮಿಷದ’ ಉಪಾಯ ಇದಕ್ಕಿಂತ ಅಪಾಯ. ಉರಿಯುವ ದ್ರವ ಗಾಳಿಯ ಜೊತೆ ಒಳಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಕುಡಿದು ಹುಚ್ಚೆದ್ದು ಓಡಬಲ್ಲದು. ಕೀ ತೆಗೆದರೂ ನಿಲ್ಲುವುದಿಲ್ಲ. ಸಡಿಲವಾದ ಮಸಿಯ ಗಟ್ಟಿ ಎಂಜಿನ್ ವಾಲ್ವಿನ ಅಡಿಗೆ ಸಿಕ್ಕಿಕೊಂಡರೆ ಎಂಜಿನ್ ಹೆಡ್ ಬಿಚ್ಚುವ ಖರ್ಚು ಬೇರೆ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಸ್ಪ್ರೇ ಹೊಡೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಮೊಬೈಲಿನಲ್ಲಿ ನಾಲ್ಕಾರು ಕಡೆಯಿಂದ ಫೋಟೊ ತೆಗೆದುಕೊಳ್ಳಿ, ಗಾಳಿಯ ಪೈಪು, ಕನೆಕ್ಟರ್ ಅಥವಾ ವ್ಯಾಕ್ಯೂಮ್ ಪೈಪು ಬಿಡಿಸಿ.

ಬೋಲ್ಟಿನ ವಿಷಯಕ್ಕೆ ಬಂದಾಗ ಮಾತ್ರ ನಿಧಾನ ಬೇಕು. ಬಿಸಿ ಹೊಗೆಯ ಕಡೆಯ ಬೋಲ್ಟುಗಳು ವರ್ಷಗಟ್ಟಲೆ ಕಾದು ತಣಿದು ಕಚ್ಚಿಕೊಂಡಿರುತ್ತವೆ. ಉದ್ದ ಪೈಪು ಸಿಕ್ಕಿಸಿ ಒಂದೇ ಏಟಿಗೆ ತಿರುಗಿಸಿದರೆ ತಲೆ ಕೈಗೆ ಬರುತ್ತದೆ, ದೇಹ ಒಳಗೇ ಉಳಿಯುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಅಲುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ ಕಾಲು ಸುತ್ತು, ಮತ್ತೆ ವಾಪಸ್, ಮತ್ತೆ ಸ್ಪ್ರೇ. ಕಿರ್ರೆನ್ನುವ ಸದ್ದು ಬಂದರೆ ನಿಲ್ಲಿಸಿ, ಕಾಫಿ ಕುಡಿದು ಬನ್ನಿ. ಹನ್ನೆರಡು ಮೂಲೆಯ ಸಾಕೆಟ್ ಬೇಡವೇ ಬೇಡ, ಆರು ಮೂಲೆಯದ್ದೇ ಬಳಸಿ. ಸವೆದ ಬೋಲ್ಟಿನ ತಲೆ ಹನ್ನೆರಡು ಮೂಲೆಯದ್ದಕ್ಕೆ ಜಾರಿ ದುಂಡಗಾಗುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಒಂದು ಮಾತು. ಬಿಚ್ಚಿದಾಗ ಪ್ಯಾಕಿಂಗಿನ ಜಾಗದಲ್ಲಿ ತೂತಿಲ್ಲದ ತಗಡು ಸಿಗಬಹುದು. ಹಿಂದಿನವರು ಬಿಟ್ಟುಹೋದ ಉಡುಗೊರೆ ಅದು, ತೆಗೆದು ಬಿಸಾಡಿ.

ತೊಳೆಯುವುದು: ಕೆಲಸ ಕೆಡುವುದು ಇಲ್ಲೇ

ಬಿಚ್ಚಿದ ಕವಾಟದಲ್ಲಿ ಎರಡು ಥರದ ಕೊಳೆ ಇರುತ್ತದೆ. ಹೊಗೆ ಬರುವ ಕಡೆ ಒಣ ಮಸಿ, ಮುಟ್ಟಿದರೆ ಉದುರುತ್ತದೆ. ಗಾಳಿ ಸೇರುವ ಕಡೆ ಮಸಿಗೆ ಎಂಜಿನ್ ಆಯಿಲಿನ ಆವಿ ಸೇರಿ ಜೋನಿಬೆಲ್ಲದಂತೆ ಅಂಟಿರುತ್ತದೆ. ಒಣ ಮಸಿಯನ್ನು ಮೊದಲು ಬಿದಿರಿನ ಸೀಳಿನಿಂದ ಕೆರೆದು ತೆಗೆಯಿರಿ. ಎಲ್ಲಕ್ಕೂ ಒಟ್ಟಿಗೆ ಸ್ಪ್ರೇ ಹೊಡೆದರೆ ಒಣಗಿದ್ದೂ ಕೆಸರಾಗಿ ಡಬ್ಬಿ ಖಾಲಿಯಾಗುತ್ತದೆ, ಕೊಳೆ ಉಳಿಯುತ್ತದೆ.

ನಿಮ್ಮ ಕವಾಟ ಯಾವ ಜಾತಿಯದ್ದು ಎಂದು ನೋಡಿಕೊಳ್ಳಿ. ಹಳೆಯ ಗಾಡಿಗಳಲ್ಲಿ ಮೇಲೆ ದುಂಡನೆಯ ಡಬ್ಬಿಯಿದ್ದು ಸಣ್ಣ ರಬ್ಬರ್ ಪೈಪು ಬರುತ್ತದೆ, ಅದು ಗಾಳಿಯ ಸೆಳೆತಕ್ಕೆ ತೆರೆಯುವ ವ್ಯಾಕ್ಯೂಮಿನದ್ದು. ಕಪ್ಪು ಪ್ಲಾಸ್ಟಿಕ್ ಮುಚ್ಚಳ, ವೈರಿನ ಕನೆಕ್ಟರ್ ಇದ್ದರೆ ಒಳಗೆ ಮೋಟಾರು, ಹಲ್ಲಿನ ಚಕ್ರ, ಸೆನ್ಸರ್ ಎಲ್ಲ ಇರುತ್ತವೆ. ಮೋಟಾರಿನದ್ದಾದರೆ ತೊಳೆಯುವಷ್ಟು ಹೊತ್ತೂ ಮೋಟಾರು ಮೇಲೆ, ಕವಾಟದ ಬಾಯಿ ಕೆಳಗೆ ಇರಬೇಕು. ತಲೆಕೆಳಗು ಹಿಡಿದು ಸ್ಪ್ರೇ ಹೊಡೆದರೆ ದ್ರವ ಕವಾಟದ ತಟ್ಟೆ ಹಿಡಿದ ಕಡ್ಡಿಯ ಸಂದಿನಿಂದ ಇಳಿದು ಮೋಟಾರಿಗೆ ಸೇರುತ್ತದೆ. ಅಲ್ಲಿಗೆ ಹೊಸ ಕವಾಟವೇ ಗತಿ. ಬಕೆಟ್ಟಿನಲ್ಲಿ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಮುಳುಗಿಸಿಡುವವರಿದ್ದಾರೆ. ವ್ಯಾಕ್ಯೂಮಿನ ಕವಾಟದ ರಬ್ಬರ್ ಪೊರೆಗೂ ಅದು ಆಗಿಬರುವುದಿಲ್ಲ.

ಕಾಸ್ಟಿಕ್ ಸೋಡಾ ಹಾಕಿ ಕುದಿಸುವ ವಿದ್ಯೆಯೂ ಚಾಲ್ತಿಯಲ್ಲಿದೆ. ಮಸಿಯೇನೋ ಹೋಗುತ್ತದೆ, ಜೊತೆಗೆ ಅಲ್ಯೂಮಿನಿಯಂ ಕೂಡ ಕರಗಿ ಹೋಗುತ್ತದೆ. ಹೊರಬರುವ ಗುಳ್ಳೆಗಳಲ್ಲಿ ಇರುವುದು ಹೈಡ್ರೋಜನ್, ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ. ಮಸಿ ಬಿಡಿಸಲು ಬ್ಲೋ ಟಾರ್ಚ್ ಹಿಡಿಯುವವರಿಗೂ ನನ್ನ ನಮಸ್ಕಾರ.

ಸ್ಪ್ರೇಯನ್ನು ಜಿಡ್ಡಿನ ಮೇಲಷ್ಟೇ, ಸ್ವಲ್ಪ ಸ್ವಲ್ಪ ಹೊಡೆಯಿರಿ. ಐದು ನಿಮಿಷ ಬಿಡಿ. ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಇದೇ. ಇದನ್ನೆಲ್ಲ ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ ಮಾಡಬೇಕು. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಕೂತರೆ ತಲೆ ಸುತ್ತುತ್ತದೆ. ಬೀಡಿ ದೂರ.

ಕವಾಟದ ತಟ್ಟೆ ಬಂದು ಕೂರುವ ಉಂಗುರದಂಥ ಜಾಗವಿದೆಯಲ್ಲ, ಜೀವ ಇರುವುದು ಅಲ್ಲಿ. ಅಲ್ಲಿಗೆ ತಂತಿಯ ಬ್ರಷ್, ಸ್ಯಾಂಡ್ ಪೇಪರ್, ಸ್ಕ್ರೂಡ್ರೈವರ್ ಯಾವುದೂ ತಾಗಬಾರದು. ಒಂದು ಗೀರು ಬಿದ್ದರೂ ಮುಚ್ಚಿದಾಗ ಹೊಗೆ ಸೋರುತ್ತದೆ. ಇಷ್ಟೆಲ್ಲ ಬಳಿದು ತೊಳೆದು ಕೊನೆಗೆ ಪಿ0402 ದೀಪ ಹತ್ತಿಸಿಕೊಂಡವರನ್ನು ನೋಡಿದ್ದೇನೆ. ತಟ್ಟೆ ಎತ್ತಿ ಅಡಿಯಲ್ಲಿ ಉಜ್ಜಲು ಮೋಟಾರಿನ ಕವಾಟವನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಒಳಗಿನ ಪ್ಲಾಸ್ಟಿಕ್ ಚಕ್ರದ ಹಲ್ಲು ಮುರಿಯುತ್ತದೆ. ಸ್ಕ್ಯಾನರಿನವರು ಕೂತಲ್ಲೇ ಅದನ್ನು ತೆರೆಸಿ ಮುಚ್ಚಿಸಬಲ್ಲರು. ವ್ಯಾಕ್ಯೂಮಿನದ್ದಾದರೆ ಸುಲಭ: ಹೊಸ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ವ್ಯಾಕ್ಯೂಮ್ ಹ್ಯಾಂಡ್ ಪಂಪಿನಿಂದ ಗಾಳಿ ಎಳೆಯಿರಿ. ತಟ್ಟೆ ಎದ್ದು, ಪಂಪ್ ನಿಲ್ಲಿಸಿದರೂ ಹಾಗೇ ನಿಲ್ಲಬೇಕು. ತಾನೇ ಇಳಿದರೆ ಪೊರೆ ಹರಿದಿದೆ.

ಕೊನೆಗೆ ಒಂದು ಪರೀಕ್ಷೆ. ಬಾಯಿ ಮೇಲೆ ಮಾಡಿದರೂ ಮೋಟಾರಿಗೆ ದ್ರವ ಇಳಿಯದ ರಚನೆಯಾಗಿದ್ದರೆ ಮಾತ್ರ, ಮುಚ್ಚಿದ ತಟ್ಟೆಯ ಮೇಲೆ ಎರಡು ಚಮಚ ಸೀಮೆಎಣ್ಣೆ ಹಾಕಿ ನೋಡಿ. ಧಾರೆ ಕಟ್ಟಿ ಸೋರಿದರೆ ಮತ್ತೆ ಉಜ್ಜಬೇಕು. ಅಂಚಿನಲ್ಲಿ ತುಸು ಒದ್ದೆಯಾದರೆ ಚಿಂತೆಯಿಲ್ಲ.

ಕವಾಟ ಕೂತಿದ್ದ ತೂತಿನ ಕಡೆಯೂ ಗಮನವಿರಲಿ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನೊಳಕ್ಕೆ ಆಳವಾಗಿ ಬಟ್ಟೆ ತುರುಕಿ, ಅದರ ಬಾಲ ಹೊರಗೆ ಕಾಣುವಂತೆ ಬಿಟ್ಟು, ಮಸಿಯನ್ನು ಹೊರಗಡೆಗೇ ಎಳೆದುಕೊಂಡು ಕೆರೆಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹಿಡಿಯಿರಿ. ಒಳಗೆ ಬೆರಳು ತೂರದಷ್ಟು ಕಟ್ಟಿಕೊಂಡಿದ್ದರೆ ಮ್ಯಾನಿಫೋಲ್ಡನ್ನೇ ಇಳಿಸಿ ತೊಳೆಯಬೇಕು. ಅದು ಗ್ಯಾರೇಜಿನವರ ಕೆಲಸ.

ಕೂರಿಸುವುದು

ಬಟ್ಟೆ ತೆಗೆದಿರಾ ನೋಡಿ. ಹೊಸ ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನು ಕೈಯಲ್ಲೇ ಹತ್ತಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬನ್ನಿ. ಪ್ಯಾಕಿಂಗಿಗೆ ಸಿಲಿಕಾನ್ ಪೇಸ್ಟ್ ಬಳಿಯುವ ಚಾಳಿ ಬಿಡಿ. ಆ ಬಿಸಿಗೆ ಅದು ಸುಟ್ಟು ಚೂರು ಚೂರಾಗಿ ಉದುರುತ್ತದೆ. ಬ್ಯಾಟರಿ ಹಾಕಿ ಕೋಡ್ ಅಳಿಸಿ. ಮೋಟಾರಿನ ಕವಾಟಕ್ಕೆ ಮುಚ್ಚಿದ ಜಾಗ ಯಾವುದೆಂದು ಸ್ಕ್ಯಾನರಿನಲ್ಲಿ ಹೊಸದಾಗಿ ಕಲಿಸಬೇಕಾದ ಗಾಡಿಗಳಿವೆ, ಅದನ್ನು ಬಿಟ್ಟರೆ ದೀಪ ಮತ್ತೆ ಬರುತ್ತದೆ.

ಇಷ್ಟು ಬೇಗ ಕಟ್ಟಿಕೊಂಡಿದ್ದೇಕೆ ಎಂದು ಕೇಳದೆ ಬಾನೆಟ್ ಮುಚ್ಚಬೇಡಿ. ನಮ್ಮ ಕಡೆ ದೊಡ್ಡ ಕಾರಣ ಗಾಡಿ ಓಡುವ ರೀತಿ. ಆಳುಗಳ ಲೈನ್ ಮನೆಯಿಂದ ಕಣಕ್ಕೆ, ಕಣದಿಂದ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ, ಎಲ್ಲ ಒಂದು ಎರಡನೇ ಗೇರಿನಲ್ಲೇ. ಹಣ್ಣಿನ ಚೀಲ ತೂಕ ಹಾಕಿ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೂ ಎಂಜಿನ್ ಗುರುಗುಡುತ್ತಲೇ ಇರುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಮಸಿ ಮಾತ್ರ ಕೂರುತ್ತಲೇ ಇರುತ್ತದೆ. ನಿಂತಾಗ ಆಫ್ ಮಾಡಿ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿಸಿ. ಹಾಸನದ ಮಂಡಿಗೆ ಶುಂಠಿ ಒಯ್ಯುವ ದಿನವೇ ಆಗಬಹುದು. ಗಾಳಿಯ ಪೈಪಿನೊಳಗೆ ಆಯಿಲ್ ಮಡುಗಟ್ಟಿದ್ದರೆ ಎಂಜಿನ್ ಆವಿಯ ದಾರಿಯಾದ ಬ್ರೀದರ್, ಗಾಳಿ ಒತ್ತಿ ತುಂಬುವ ಟರ್ಬೊ ಎರಡನ್ನೂ ಮೆಕ್ಯಾನಿಕ್‌ಗೆ ತೋರಿಸಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸರಿಯಿಲ್ಲದ ಗಾಡಿಗೆ ಇಜಿಆರ್ ಎಷ್ಟು ಸಲ ತೊಳೆದರೂ ವ್ಯರ್ಥ.

ಲೋಡ್ ಹಾಕಿ ಒಂದು ಏರು ಹತ್ತಿಸಿಕೊಂಡು ಬನ್ನಿ. ಮಾರನೆಯ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟಾರ್ಚ್ ಬಿಟ್ಟು ಪ್ಯಾಕಿಂಗಿನ ಅಂಚು ನೋಡಿ. ಕಪ್ಪು ಗೆರೆ ಮೂಡಿದ್ದರೆ ಅಲ್ಲಿ ಹೊಗೆ ಸೋರುತ್ತಿದೆ. ಬೋಲ್ಟನ್ನು ಇನ್ನಷ್ಟು ಬಿಗಿದು ತುಂಡು ಮಾಡಿಕೊಳ್ಳಬೇಡಿ. ಬಿಚ್ಚಿ, ಎರಡೂ ಮುಖ ಒರೆಸಿ, ಬೇರೆ ಪ್ಯಾಕಿಂಗ್ ಹಾಕಿ.