ಮಗ್ಗದ ಗುಣಿಗೆ ಬಂದ ನೀರನ್ನು ಬಾವಿಗೆ ತಿರುಗಿಸಿದೆವು

ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಮನೆಯದು ಗುಣಿಮಗ್ಗ. ನೆಲದ ಮೇಲೆ ಕುಳಿತು, ಕಾಲನ್ನು ಗುಣಿಗೆ ಇಳಿಬಿಟ್ಟು ತುಳಿಯಬೇಕು. ಹವೆ ಒಣಗಿದರೆ ಹತ್ತಿಯ ಎಳೆ ಪಟಪಟ ಹರಿಯುತ್ತದೆ. ಗುಣಿಯ ತಂಪು ಅದನ್ನು ತಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಹಸ್ತಾ ಮಳೆ ಒಂದೇ ಸಂಜೆ ಸುರಿದಾಗ ಓಣಿಯ ನೀರು ಹೊಸ್ತಿಲು ದಾಟಿ ಬಂದು ಆ ಗುಣಿ ತುಂಬಿಬಿಟ್ಟಿತು. ಅರ್ಧ ನೇಯ್ದ ಸೀರೆ ಕೆಸರಾಯಿತು. ಮುಂದಿನ ಮಾರ್ಚಿನಲ್ಲಿ ನಮ್ಮವ್ವ ಅದೇ ಹೊಸ್ತಿಲ ಮೇಲೆ ಖಾಲಿ ಕೊಡ ಇಟ್ಟುಕೊಂಡು ಟ್ಯಾಂಕರ್ ಕಾಯುತ್ತಿದ್ದಳು.

ನಾನು ಸಿವಿಲ್ ಡಿಪ್ಲೊಮಾ ಮಾಡಿ ಮನೆ ಕಟ್ಟಿಸುವ ಕೆಲಸದಲ್ಲಿರುವವನು. ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಳಿಗೆ 800 ಚದರ ಅಡಿ, ಅಂದರೆ 74 ಚದರ ಮೀಟರ್. ಗದಗಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆ. ಐದರಲ್ಲಿ ಒಂದು ಪಾಲು ಆರಿಹೋಗುತ್ತದೆಂದು ಬಿಟ್ಟರೂ 35 ಸಾವಿರ ಲೀಟರ್ ಸಿಗುತ್ತದೆ, ಎರಡು ಸಾವಿರ ಕೊಡಕ್ಕೂ ಮೇಲೆ! ತುಂಗಭದ್ರೆಯಿಂದ ನೀರೆತ್ತಿ ತಂದು ಕುಡಿಯುವ ಊರು ನಮ್ಮದು. ತಲೆಯ ಮೇಲೆ ಬಿದ್ದದ್ದನ್ನು ಮಾತ್ರ ಗಟಾರಕ್ಕೆ ಬಿಡುತ್ತಿದ್ದೆವು.

ಮೊದಲ ಸಲ ತಪ್ಪಿದೆ. ಹಿತ್ತಲಲ್ಲಿ ನಾಲ್ಕು ಅಡಿ ಗುಂಡಿ ತೆಗೆಸಿ, ಜಲ್ಲಿ ತುಂಬಿ, ಮಾಳಿಗೆಯ ಪೈಪನ್ನು ಅದಕ್ಕೆ ಇಳಿಸಿದೆ. ನೀರು ಆರು ದಿನ ಹಾಗೇ ನಿಂತು ಸೊಳ್ಳೆ ಎದ್ದವು. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆಮಣ್ಣು ಒದ್ದೆಯಾದೊಡನೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಹನಿ ನೀರನ್ನೂ ಕೆಳಗೆ ಬಿಡುವುದಿಲ್ಲ. ಇಂಗುಗುಂಡಿ ಎರೆ ದಾಟಿ ಗರಸು, ಅಂದರೆ ನೀರು ಇಂಗುವ ಜಲ್ಲಿಮಣ್ಣು, ಮುಟ್ಟಲೇಬೇಕು. ಬೇರೆ ಊರಿನ ನಕ್ಷೆ ತಂದು ಇಲ್ಲಿ ಗುಂಡಿ ತೋಡುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಆಗ ಕಣ್ಣಿಗೆ ಬಿದ್ದದ್ದು ಓಣಿಯ ತುದಿಯ ಕಲ್ಲುಬಾವಿ. ನಳ ಬಂದ ಮೇಲೆ ಅದು ಕಸದ ಗುಂಡಿಯಾಗಿತ್ತು. ಗರಸು ದಾಟಿ ಬಂಡೆಯ ಸೀಳಿನವರೆಗೆ ಹಿರಿಯರು ಇಳಿದಿದ್ದರು, ಆ ಕೆಲಸ ನಮಗೆ ಉಳಿದಿತ್ತು. ಹೂಳು ತೆಗೆಯಲು ಹನ್ನೊಂದು ದಿನ ಹಿಡಿಯಿತು. ಪ್ರತಿದಿನ ಬೆಳಗ್ಗೆ ಬ್ಲೋವರ್‌ನಿಂದ ಒಳಗೆ ಗಾಳಿ ಊದಿ, ನಡುವಿಗೆ ಹಗ್ಗ ಕಟ್ಟಿಯೇ ಆಳನ್ನು ಇಳಿಸಿದೆವು. ಹಳೇ ಬಾವಿಯ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಅವಸರ ಮಾಡಬೇಡಿ.

ಹನ್ನೆರಡು ಮನೆಗಳು ಸೇರಿದವು. ನಾಲ್ಕು ಇಂಚಿನ ಪೈಪು, ಜಾಳಿಗೆ, ಮೊದಲ ಮಳೆಯ ಕೊಳೆ ಹೊರಗೆ ಬಿಡಲು ಒಂದು ಮುಚ್ಚಳ, ಬಾವಿಯ ಬಾಯಲ್ಲಿ ಮರಳು ಮತ್ತು ಜಲ್ಲಿ ತುಂಬಿದ ಡ್ರಮ್ಮು, ಇಷ್ಟೇ. ಹೆಚ್ಚು ವಾದ ನಡೆದದ್ದು ಬಚ್ಚಲ ನೀರಿನ ಬಗ್ಗೆ. ‘ಹೆಂಗಿದ್ರೂ ನೀರs ಅಲ್ಲೇನ್ರಿ, ಅದನ್ನೂ ಬಿಡೂಣು’ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಒಂದು ಮನೆಯ ಬಚ್ಚಲು ಸೇರಿದರೂ ಬಾವಿ ಕೆಟ್ಟಂತೆ.

ಬಾವಿಯ ಅಡ್ಡಗಲ 3 ಮೀಟರ್, ನೀರು 4 ಮೀಟರ್ ನಿಂತರೆ 28 ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 70 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ತಿಳಿಯಾದ ನೀರನ್ನಷ್ಟೇ ಸಂಜೆ ಬಿಡುತ್ತೇವೆ. ಆದರೂ ಇದನ್ನು ಬಳಸಲು ಮಾತ್ರ ಇಟ್ಟಿದ್ದೇವೆ, ಕುಡಿಯುವುದಿಲ್ಲ. ನಮ್ಮ ಜಿಲ್ಲೆಯ ನೆಲದ ನೀರಿನಲ್ಲಿ ಫ್ಲೋರೈಡ್ ಇದೆ, ಅದರಿಂದ ಕಲೆಗಟ್ಟಿದ ಮುಂಡರಗಿ ಕಡೆಯ ಮಕ್ಕಳ ಹಲ್ಲು ನೋಡಿದವರಿಗೆ ಗೊತ್ತು. ಮಳೆನೀರು ಬೆರೆತರೆ ಅದರ ಬಿರುಸು ತಗ್ಗುತ್ತದೆ, ಆದರೆ ಪರೀಕ್ಷೆ ಮಾಡಿಸದೆ ಧೈರ್ಯ ಸಾಲದು.

ಅದೇ ಬೇಸಿಗೆಯಲ್ಲಿ ಮಗ್ಗದ ಕೋಣೆಯ ಮೇಲಿನ ಆರ್‌ಸಿಸಿ ಚಾವಣಿಗೆ ಎರಡು ಕೋಟು ಸುಣ್ಣ ಬಳಿಸಿದೆ. ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ತಂಪು ಬರಲಿಲ್ಲ. ಆದರೆ ಮಧ್ಯಾಹ್ನ ಎರಡಕ್ಕೆ ಬರಿಗಾಲಲ್ಲಿ ಮೇಲೆ ನಿಲ್ಲಬಹುದು, ಕೆಳಗೆ ಅಣ್ಣ ಮಗ್ಗ ಬಿಟ್ಟೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಸಡಿಲಾದ ಸುಣ್ಣವನ್ನು ಕೆರೆದು ಗುಡಿಸದಿದ್ದರೆ ಡ್ರಮ್ಮಿನ ಮರಳು ಕಟ್ಟಿಕೊಳ್ಳುತ್ತದೆ.

ಮುಂದಿನ ದೊಡ್ಡ ಮಳೆಗೆ ಓಣಿಯಲ್ಲಿ ನೀರು ಹರಿಯಿತು, ನಿಜ. ಹಿಮ್ಮಡಿ ಮುಳುಗುವಷ್ಟು ಬಂದು, ಹೊಸ್ತಿಲ ಕೆಳಗೇ ಇಳಿಯಿತು. ಬಾವಿಯಲ್ಲಿ ಏಪ್ರಿಲ್ ಕೊನೆಯವರೆಗೂ ಕೊಡ ಮುಳುಗುತ್ತಿತ್ತು.

ಈಗ ಪಕ್ಕದ ಓಣಿಯವರು ಕರೆದಿದ್ದಾರೆ. ಅವರ ಬಾವಿ ಮುಚ್ಚಿ, ಅದರ ಮೇಲೆ ಮನೆ ಕಟ್ಟಿಯಾಗಿದೆ. ಆದ್ದರಿಂದ ಹೊಸದಾಗಿಯೇ ತೋಡುತ್ತಿದ್ದೇವೆ. ನಿನ್ನೆ ಸಂಜೆಗೆ ಒಂಬತ್ತು ಅಡಿ ಆಯಿತು, ಇನ್ನೂ ಎರೆಯೇ ಬರುತ್ತಿದೆ. ಮಿರಗ (ಮೃಗಶಿರಾ) ಮಳೆ ಹತ್ತುವುದರೊಳಗೆ ಗರಸು ಸಿಗಬೇಕು.