ಡ್ರಮ್ಸ್ ಇಲ್ಲದ ಐದನೆಯ ಋತು: ಹಾರ್ಮೋನಿಯಮ್ ತಂಡವನ್ನು ನಾವು ಐವರು ನುಡಿಸಿದ ಬಗೆ

ಮಾಂಟ್ರಿಯಲ್‌ನ ರೊಸ್ಮೋಂ ಬಡಾವಣೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಳೆದ ಅಕ್ಟೋಬರ್‌ನ ಒಂದು ಸಂಜೆ ನಾವು ಐವರು ಹಾರ್ಮೋನಿಯಮ್ ತಂಡದ ಮೂರೂ ಸ್ಟುಡಿಯೊ ಆಲ್ಬಮ್‌ಗಳಿಂದ ಆಯ್ದ ಹಾಡುಗಳನ್ನು ನುಡಿಸಿ ಮುಗಿಸಿದಾಗ, ಇದು ಆಗುವ ಕೆಲಸವಲ್ಲ ಎಂದು ಎರಡು ವರ್ಷ ಹೇಳುತ್ತ ಬಂದಿದ್ದ ಮೂವರು ಗೆಳೆಯರಲ್ಲಿ ಇಬ್ಬರು ಎದ್ದು ಬಂದು ಕೈ ಕುಲುಕಿದರು. ಮೂರನೆಯವರು ಡ್ರಮ್ಸ್ ನುಡಿಸುವವರು; ಅವರು ಇನ್ನೂ ಒಪ್ಪಿಲ್ಲ. ಗಿಟಾರ್, ಕೀಬೋರ್ಡ್ ಬಲ್ಲ ಕನ್ನಡಿಗರು ಹಲವರು ಹೇಗೆ ಮಾಡಿದಿರಿ ಎಂದು ಕೇಳಿದ್ದರಿಂದ, ನೆನಪಿನಲ್ಲಿ ಇರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂಡದ ಹೆಸರಿನಿಂದ ಆದ ಗೊಂದಲವನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ಮೋನಿಯಮ್ ಅಭ್ಯಾಸ ಮಾಡುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ನಮ್ಮ ತಾಯಿ ಅದನ್ನು ನಾಟಕ ಕಂಪನಿಯ ಲೆಗ್ ಹಾರ್ಮೋನಿಯಂ ಎಂದೇ ತಿಳಿದು ಒಂದು ವರ್ಷ ಸಂತೋಷಪಟ್ಟರು. ಇದು 1972ರಲ್ಲಿ ಮಾಂಟ್ರಿಯಲ್‌ನಲ್ಲಿ ಸೆರ್ಜ್ ಫಿಯೋರಿ, ಮಿಶೆಲ್ ನೊರ್ಮಾಂದೊ ಮತ್ತು ಬೇಸ್ ಗಿಟಾರ್ ನುಡಿಸುವ ಲುಯಿ ವಾಲ್ವಾ ಕಟ್ಟಿದ, ಫ್ರೆಂಚ್‌ನಲ್ಲಿ ಹಾಡುವ ತಂಡ. 1974ರಲ್ಲಿ ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್, 1975ರಲ್ಲಿ ಐದು ಋತುಗಳಿಗೆ ಐದು ಹಾಡುಗಳಿರುವ ಎರಡನೆಯದು, 1976ರ ನವೆಂಬರ್‌ನಲ್ಲಿ ‘ಲೆಪ್ತಾದ್’ ಎಂಬ ಜೋಡಿ ತಟ್ಟೆಯ ಆಲ್ಬಮ್ ಬಂದವು. 1980ರಲ್ಲಿ ಪ್ರವಾಸದ ಧ್ವನಿಮುದ್ರಣವೊಂದು ಹೊರಬಂದದ್ದನ್ನು ಬಿಟ್ಟರೆ, ಮುಖ್ಯ ಕೆಲಸವೆಲ್ಲ ಆ ಮೂರು ವರ್ಷಗಳೊಳಗೆ ಮುಗಿದುಹೋಗಿದೆ. ಗಿಟಾರ್ ಹಿಡಿದ ಮೂವರಿಂದ ಹೊರಟವರು ಮೂರನೆಯ ಆಲ್ಬಮ್ಮಿನ ಹೊತ್ತಿಗೆ ನೀಲ್ ಶೋಟೆಮ್ ಬರೆದುಕೊಟ್ಟ ಆರ್ಕೆಸ್ಟ್ರಾ ಭಾಗಗಳವರೆಗೆ ಬೆಳೆದಿದ್ದರು.

ನನ್ನ ಮೊದಲ ತಪ್ಪು ಆ ಕೊನೆಯ ತುದಿಯಿಂದ ಆರಂಭಿಸಿದ್ದು. ‘ಲೆಪ್ತಾದ್’ ನನಗೆ ಬಹಳ ಪ್ರಿಯವಾದದ್ದರಿಂದ, ಎರಡು ಕೀಬೋರ್ಡುಗಳಲ್ಲಿ ತಂತಿವಾದ್ಯಗಳ ಸ್ಯಾಂಪಲ್ (ಮುದ್ರಿಸಿಟ್ಟ ಸ್ವರಗಳು) ತುಂಬಿಕೊಂಡರೆ ಸಾಕೆಂದು ಭಾವಿಸಿ, ‘ಕೊಮ್ ಅಂ ಫೂ’ ಹಾಡನ್ನು ಏಳು ತಿಂಗಳು ತಿಕ್ಕಿದೆವು. ಧ್ವನಿಮುದ್ರಿಸಿ ಕೇಳಿದಾಗ ಮದುವೆ ಮನೆಯ ಆರ್ಕೆಸ್ಟ್ರಾದಂತೆ ಕೇಳಿಸಿತು. ಸ್ಯಾಂಪಲ್ ಸಂಗ್ರಹಕ್ಕೆ 300 ಡಾಲರ್, ಅಭ್ಯಾಸದ ಕೋಣೆಗೆ ಗಂಟೆಗೆ 20ರಂತೆ ಸುಮಾರು 900 ಡಾಲರ್ ಆ ಏಳು ತಿಂಗಳಲ್ಲೇ ಹೋಯಿತು. ಬೇಸಿನವರೊಬ್ಬರು ತಂಡ ಬಿಟ್ಟರು, ಅವರ ಜೊತೆಗೆ ನಾನು ಕೊಡಿಸಿದ್ದ ಕೇಬಲ್ಲುಗಳೂ ಹೋದವು.

ಆಗ ನಾನು ಹಿಡಿದ ಹಠವೇ ಈ ಬರಹಕ್ಕೆ ಕಾರಣ. ತಂಡ ಬೆಳೆದ ಕ್ರಮದಲ್ಲಿಯೇ ನಾವೂ ಕಲಿಯಬೇಕು, ಮೊದಲ ಆಲ್ಬಮ್ ಮೂವರಿಂದ ನಿಲ್ಲುವವರೆಗೆ ನಾಲ್ಕನೆಯವರನ್ನು ಕರೆಯಬಾರದು, ಎರಡನೆಯದು ನಿಲ್ಲುವವರೆಗೆ ಮೂರನೆಯದರ ಸುದ್ದಿ ಎತ್ತಬಾರದು ಎಂದೆ. ಇದು ಶಾಲೆಯ ಪಠ್ಯಕ್ರಮದಂತಿದೆ ಎಂದು ಎಲ್ಲರೂ ನಕ್ಕರು. ಡ್ರಮ್ಸ್ ಗೆಳೆಯರ ಆಕ್ಷೇಪ ಇನ್ನೂ ನೇರವಾಗಿತ್ತು: "ಎರಡನೆಯ ಆಲ್ಬಮ್ ಡ್ರಮ್ಸ್ ಇಲ್ಲದೆ ತಟ್ಟೆಯ ಮೇಲೆ ನಿಲ್ಲುತ್ತದೆ, ಸಭೆಯಲ್ಲಿ ನಿಲ್ಲುವುದಿಲ್ಲ. ಹತ್ತು ನಿಮಿಷದ ಹಾಡಿಗೆ ಜನ ನಿದ್ದೆ ಹೋಗುತ್ತಾರೆ." ಆ ಆಲ್ಬಮ್ಮಿನಲ್ಲಿ ಡ್ರಮ್ಸ್ ಇಲ್ಲವೆಂಬುದು ನಿಜ, ಆದರೆ ಅದರಲ್ಲಿ ಲಯ ಸಡಿಲವಾಗಿದೆ ಎಂದು ಇದುವರೆಗೆ ಯಾರೂ ದೂರಿದ್ದನ್ನು ನಾನು ಕೇಳಿಲ್ಲ. 2015ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಪ್ರೋಗ್ರೆಸಿವ್ ರಾಕ್ ಆಲ್ಬಮ್‌ಗಳೆಂದು ಆರಿಸಿದ ಐವತ್ತರಲ್ಲಿ ಅದೂ ಇದೆ.

ಮೊದಲ ಆಲ್ಬಮ್ಮಿಗೆ ಹನ್ನೆರಡು ತಂತಿಯ ಗಿಟಾರ್ ಬೇಕಾಯಿತು. ಬಳಸಿದ್ದನ್ನೇ 400 ಡಾಲರಿನ ಆಸುಪಾಸಿಗೆ ಕೊಂಡೆ. ಮೂರನೆಯ ಜೋಡಿಯ ಸಣ್ಣ ತಂತಿ ಎಷ್ಟು ಸಲ ಕಿತ್ತುಬರುತ್ತದೆ ಎಂಬುದು ಆ ವಾದ್ಯ ನುಡಿಸುವವರಿಗೆಲ್ಲ ಗೊತ್ತು. ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ ಮೊದಲ ಮನೆಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದ ಮೇಲೆ ತಿಂಗಳಿಗೆ ಐದಾರು ಕಿತ್ತುಬರುತ್ತಿದ್ದದ್ದು ಒಂದಕ್ಕೆ ಇಳಿಯಿತು. ಆದರೆ ಇಲ್ಲಿಯ ಚಳಿಗಾಲವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜನವರಿಯಲ್ಲಿ ಹೀಟರ್ ಉರಿಯುವ ಮನೆಯೊಳಗೆ ಗಾಳಿಯ ತೇವ ಶೇ. 20ರ ಹತ್ತಿರಕ್ಕೆ ಬೀಳುತ್ತದೆ, ಗಿಟಾರಿಗೆ ಬೇಕಾಗುವುದು ಶೇ. 45ರಿಂದ 50. ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಮೇಲು ಹಲಗೆಯಲ್ಲಿ ತಂತಿ ಕಟ್ಟುವ ಸೇತುವೆಯಿಂದ ಕೆಳಗೆ ಕೂದಲಷ್ಟು ಸಣ್ಣ ಬಿರುಕು ಕಂಡಿತು. ಉಗುರು ಆಡಿಸಿದರೆ ತಗಲುವಂತಿತ್ತು. ರಿಪೇರಿಗೆ 180 ಡಾಲರ್ ಕೊಟ್ಟೆ. ಸಾಬೂನಿನ ಡಬ್ಬಿಗೆ ತೂತು ಮಾಡಿ, ಒದ್ದೆ ಸ್ಪಂಜು ಇಟ್ಟು, ಪೆಟ್ಟಿಗೆಯೊಳಗೆ ಸೇರಿಸಿದ್ದಕ್ಕೆ ಎರಡೂ ಸೇರಿ 3 ಡಾಲರ್ ಆಗಿರಬಹುದು. ಅದಾದ ಮೇಲೆ ಬಿರುಕು ಬಂದಿಲ್ಲ.

ಹಾಡುವ ಭಾಷೆಯ ಕಷ್ಟ ಇದಕ್ಕಿಂತ ದೊಡ್ಡದಾಗಿತ್ತು. ನಾನು ಬೆಂಗಳೂರಿನಲ್ಲಿ ಕಲಿತ ಫ್ರೆಂಚ್ ಪ್ಯಾರಿಸ್ಸಿನದು. ಮಾಂಟ್ರಿಯಲ್ ಇರುವ ಕೆಬೆಕ್ ಪ್ರಾಂತ್ಯದ ಜನರು ‘ಇ’ಕಾರದ ಮುಂದೆ ಬರುವ ‘ದ’ವನ್ನು ‘ದ್ಜ’ದಂತೆಯೂ, ತುಟಿ ದುಂಡಗೆ ಮಾಡಿ ಹೇಳುವ ‘ಉ’ಕಾರದ ಮುಂದಿನ ‘ತ’ವನ್ನು ‘ತ್ಸ’ದಂತೆಯೂ ನುಡಿಯುತ್ತಾರೆ, ನನ್ನ ಬಾಯಲ್ಲಿ ಅದು ಬರುತ್ತಿರಲಿಲ್ಲ. ನಮ್ಮ ಕೀಬೋರ್ಡಿನವರು ನಿವೃತ್ತ ಉಪಾಧ್ಯಾಯರು, 1974ರಲ್ಲಿ ಹದಿಹರೆಯದವರಾಗಿದ್ದವರು. ‘ಪುರ್ ಅನ್ನೆಂಸ್ತಾಂ’ ಹಾಡನ್ನು ನಾನು ಹಾಡಿದ್ದನ್ನು ಕೇಳಿ ಅವರು, "ನೀವು ವಾರ್ತೆ ಓದುತ್ತಿದ್ದೀರಿ, ಹಾಡುತ್ತಿಲ್ಲ" ಎಂದರು. ಆ ಹಾಡು ಆ ಕಾಲಕ್ಕೆ ರೇಡಿಯೊದಲ್ಲಿ ಕೇಳಿ ಕೇಳಿ ಜನರಿಗೆ ಬಾಯಿಪಾಠವಾಗಿದ್ದುದರಿಂದ ಒಂದಕ್ಷರ ತಪ್ಪಿದರೂ ಸಭೆಗೆ ಗೊತ್ತಾಗಿಬಿಡುತ್ತದೆ. ಮೂರು ತಿಂಗಳು ವಾರಕ್ಕೊಂದು ಸಂಜೆ ಅವರ ಮುಂದೆ ಕುಳಿತು ಸಾಹಿತ್ಯವನ್ನು ಬರೀ ಓದಿದೆ. ಅವರು ಹಣ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯ ಸಾರಿನ ಪುಡಿ ತೆಗೆದುಕೊಂಡರು.

ಇನ್ನು ಎರಡನೆಯ ಆಲ್ಬಮ್. ಪಿಯೆರ್ ದೇನ್ಯೊ ಊದುವ ಕೊಳಲು, ಕ್ಲಾರಿನೆಟ್ಟುಗಳು, ಸೆರ್ಜ್ ಲೊಕಾ ಅವರ ಮೆಲೊಟ್ರಾನ್ (ಟೇಪಿನಲ್ಲಿ ಮುದ್ರಿಸಿಟ್ಟ ವಾದ್ಯಗಳ ಸ್ವರವನ್ನು ಕೀಲಿ ಒತ್ತಿದಾಗ ಕೇಳಿಸುವ ಯಂತ್ರ) ತಂಡಕ್ಕೆ ಸೇರುವುದು ಇಲ್ಲಿಂದ. ಲಯ ಹಿಡಿಯಲು ಮೊದಲು ಕಿವಿಗೆ ಕ್ಲಿಕ್ (ಲಯ ಎಣಿಸುವ ಟಕ್ ಟಕ್ ಸದ್ದು) ಹಾಕಿಕೊಂಡೆವು. ‘ದೆಪ್ವಿ ಲೋತೋನ್’ ಹಾಡಿನ ನಡೆ ಉಸಿರಿನಂತೆ ಹಿಗ್ಗಿ ಕುಗ್ಗುವುದರಿಂದ ಕ್ಲಿಕ್ ಹಾಡನ್ನು ಕೊಂದುಹಾಕಿತು. ಆಮೇಲೆ ಕಾಲಿನಿಂದ ತಟ್ಟಿದೆವು. ನೆಲಮಾಳಿಗೆಯ ಮರದ ನೆಲ ತಟ್ಟಿದ್ದನ್ನೆಲ್ಲ ಮೈಕಿಗೆ ದಾಟಿಸಿತು. ಕೊನೆಗೆ ಒದಗಿದ ದಾರಿ ತೀರ ಸರಳವಾಗಿತ್ತು. ಬೇಸ್ ನುಡಿಸುವವರನ್ನು ಸಭೆಯ ಕಡೆಗೆ ಮುಖ ಮಾಡಿಸದೆ, ನನ್ನ ಬಲಗೈ ಮಣಿಕಟ್ಟು ಕಾಣುವಂತೆ ನನ್ನ ಎದುರಿಗೆ ಕೂರಿಸಿದೆ. ನಾನು ಎಲ್ಲಾ ಹದಿನಾರು ಮಾತ್ರೆಗಳಿಗೂ ಕೈ ಆಡಿಸುತ್ತೇನೆ, ತಂತಿಗೆ ತಗಲುವುದು ಐದಾರು ಮಾತ್ರ. ಉಳಿದವು ಗಾಳಿಯಲ್ಲಿ ಹೋಗುತ್ತವೆ. ಬೇಸಿನವರು ಗಾಳಿಯಲ್ಲಿ ಹೋದದ್ದನ್ನೂ ಕಣ್ಣಿನಿಂದ ಎಣಿಸುತ್ತಾರೆ. ಉಳಿದ ಮೂವರು ಬೇಸಿನವರ ಭುಜ ನೋಡುತ್ತಾರೆ. ಎರಡೇ ವಾರದಲ್ಲಿ ಹಾಡು ತನ್ನ ಕಾಲ ಮೇಲೆ ನಿಂತಿತು. ಹಾಡಿನ ನಡುವೆ ನಡೆ ಬದಲಾಗುವ ಕಡೆ ನಾನು ಬೆರಳಿನಿಂದ ಕೊಡುವ ಸನ್ನೆ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾಲ್ಕು ತಿಂಗಳು ತೆತ್ತಿದ್ದೇನೆ.

ಮೆಲೊಟ್ರಾನ್ ಬಗ್ಗೆ ಹೇಳಲೇಬೇಕು. ನಿಜವಾದದ್ದು ಐವತ್ತು ಕಿಲೊಗಿಂತ ಭಾರ, ಬೆಲೆಯೂ ನಮ್ಮ ಕೈಗೆ ಎಟುಕುವುದಲ್ಲ, ಆದ್ದರಿಂದ ಸ್ಯಾಂಪಲ್ಲೇ ಗತಿ. ಸ್ಯಾಂಪಲ್ ಎಲ್ಲರ ಬಳಿಯೂ ಇದೆ, ಆದರೂ ಹೆಚ್ಚಿನವರ ಕೈಯಲ್ಲಿ ಅದು ಸುಳ್ಳಾಗಿ ಕೇಳಿಸುವುದೇಕೆಂದರೆ, ಮೂಲ ಯಂತ್ರದಲ್ಲಿ ಪ್ರತಿ ಕೀಲಿಯ ಕೆಳಗೂ ಸುಮಾರು 8 ಸೆಕೆಂಡಿನ ಟೇಪ್ ತುಂಡು ಇದ್ದು, ಅದು ಮುಗಿದರೆ ಸ್ವರವೂ ಮುಗಿಯುತ್ತದೆ, ಆದರೆ ಸ್ಯಾಂಪಲ್ಲಿನಲ್ಲಿ ನಾವು ಬೆರಳು ಊರಿ ಕುಳಿತುಬಿಡುತ್ತೇವೆ. ಕೀಬೋರ್ಡಿನವರ ಸ್ಯಾಂಪಲ್ಲಿನಿಂದ, ಸ್ವರವನ್ನು ಕೊನೆಯಿಲ್ಲದೆ ಮರುಕಳಿಸುವ ಲೂಪನ್ನು ತೆಗೆದುಹಾಕಿದೆ. ಏಳನೆಯ ಸೆಕೆಂಡಿಗೆ ಬೆರಳು ಬದಲಿಸದಿದ್ದರೆ ಸ್ವರ ಪಟ್ಟನೆ ಸತ್ತುಹೋಗುವಂತಾದಾಗ, ಅವರು ಒಂದು ತಿಂಗಳು ನನ್ನನ್ನು ಬೈದು, ಆಮೇಲೆ ಸ್ವರಮೇಳವನ್ನು ಒಂದೊಂದೇ ಬೆರಳಾಗಿ ಸಾಗಿಸಲು ಕಲಿತರು. ‘ಇಸ್ತ್ವಾರ್ ಸಾಂ ಪರೋಲ್’ ಎಂಬ, ಮಾತುಗಳೇ ಇಲ್ಲದ, 17 ನಿಮಿಷದ ಐದನೆಯ ಋತು ನಮ್ಮ ಕೈಗೆ ಬಂದದ್ದು ಆಗಲೇ. ಮೂಲದಲ್ಲಿ ಜೂಡಿ ರಿಚರ್ಡ್ಸ್ ಬರೀ ಸ್ವರದಲ್ಲಿ ಹಾಡಿರುವ ಭಾಗವನ್ನು ನಮ್ಮ ಗಾಯಕಿ ಹಾಡಿದರು.

ಇದೇ ಹೊತ್ತಿನಲ್ಲಿ ನಾನು ಒಂದು ಅಡ್ಡದಾರಿಗೂ ಇಳಿದೆ. ಊರಿನಿಂದ ತಂದ ಬಿದಿರಿನ ಕೊಳಲನ್ನು ‘ವೆರ್’ ಹಾಡಿಗೆ ಹೊಂದಿಸಬಹುದೆಂದು ಮೂರು ಬೇರೆ ಶ್ರುತಿಯ ಕೊಳಲು ತರಿಸಿದೆ. ಸ್ವರಮೇಳ ಬದಲಾಗುವ ಪ್ರತಿ ಕಡೆಯಲ್ಲೂ ನನಗೆ ಅರ್ಧ ರಂಧ್ರ ಮುಚ್ಚಬೇಕಾಗಿ, ಸ್ವರ ಜಾರಿ, ಕೇಳುವವರಿಗೆ ಅದು ಗಮಕವಾಗಿ ಕೇಳಿಸಿತು. ಚೆನ್ನಾಗಿತ್ತು, ಆದರೆ ಹಾರ್ಮೋನಿಯಮ್ ಆಗಿರಲಿಲ್ಲ. ಕೊಳಲುಗಳು ಈಗ ಮಗಳ ಬಳಿ ಇವೆ.

2025ರ ಜೂನ್ 24ರಂದು, ಕೆಬೆಕ್ಕಿನ ನಾಡಹಬ್ಬದ ದಿನವೇ, ಸೆರ್ಜ್ ಫಿಯೋರಿ ತಮ್ಮ 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವಾರದ ಅಭ್ಯಾಸ ನಡೆಯಲಿಲ್ಲ. ಅಲ್ಲಿಯವರೆಗೆ ಒಂದು ವರ್ಷ ಮುಂದೂಡಿದರೂ ಅಡ್ಡಿಯಿಲ್ಲ ಎನ್ನುತ್ತಿದ್ದ ಕೀಬೋರ್ಡಿನವರು ಅಕ್ಟೋಬರ್‌ಗೆ ಸಭಾಂಗಣವನ್ನು ತಾವೇ ಗೊತ್ತುಮಾಡಿ ಬಂದರು.

ಉಳಿದ ನಾಲ್ಕು ತಿಂಗಳಲ್ಲಿ ‘ಲೆಪ್ತಾದ್’ಗೆ ಮರಳಿದೆವು. ಈ ಸಲ ಆರ್ಕೆಸ್ಟ್ರಾವನ್ನು ಅನುಕರಿಸುವ ಆಸೆ ಬಿಟ್ಟು, ಎರಡನೆಯ ಆಲ್ಬಮ್ಮಿನವರೇ ಮೂರನೆಯದನ್ನು ನುಡಿಸಿದ್ದರೆ ಹೇಗಿರುತ್ತಿತ್ತೋ ಹಾಗೆ ಜೋಡಿಸಿದೆ. ಆರ್ಕೆಸ್ಟ್ರಾದ ಸಾಲುಗಳಲ್ಲಿ ಒಂದನ್ನು ಕ್ಲಾರಿನೆಟ್ಟಿಗೆ, ಒಂದನ್ನು ಮೆಲೊಟ್ರಾನಿಗೆ ಕೊಟ್ಟು, ಉಳಿದುದನ್ನೆಲ್ಲ ಕೈಬಿಟ್ಟೆ. ಮೊನಿಕ್ ಫೊತೋ ಹಾಡಿರುವ ‘ಲ ಕೊರಿದೋರ್’ ಹೀಗೆ ಬರಿದು ಮಾಡಿದಾಗಲೂ ನಿಂತಿತು. ‘ಕೊಮ್ ಅಂ ಫೂ’ ಮಾತ್ರ ಈ ಸಲವೂ ನಿಲ್ಲಲಿಲ್ಲ, ಅದಕ್ಕೆ ಡ್ರಮ್ಸ್ ಬೇಕೇ ಬೇಕು, ಕಾರ್ಯಕ್ರಮದಿಂದ ತೆಗೆದೆವು. ಇದನ್ನು ಡ್ರಮ್ಸ್ ಗೆಳೆಯರಿಗೆ ಇನ್ನೂ ಹೇಳಿಲ್ಲ.

ಲೆಕ್ಕ ಹೀಗಿದೆ. ಎರಡೂವರೆ ವರ್ಷದಲ್ಲಿ ಒಟ್ಟು 3,400 ಡಾಲರ್ ಹೋಗಿರಬೇಕು, ಅದರಲ್ಲಿ ಅರ್ಧಕ್ಕೂ ಹೆಚ್ಚು ಅಭ್ಯಾಸದ ಕೋಣೆಗೆ. ಟಿಕೆಟ್ 15 ಡಾಲರ್, ಬಂದವರು ತೊಂಬತ್ತು ಚಿಲ್ಲರೆ ಜನ. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಹಕ್ಕುಗಳ ಶುಲ್ಕ ಕಳೆದು 700ರಷ್ಟು ಉಳಿಯಿತು, ಅದನ್ನು ಐವರೂ ಹಂಚಿಕೊಂಡೆವು. ನಿದ್ದೆ ಹೋದವರು, ನಾನು ವೇದಿಕೆಯಿಂದ ಎಣಿಸಿದಂತೆ, ಒಬ್ಬರು. ಅವರಿಗೆ ಎಂಬತ್ತು ದಾಟಿರಬೇಕು.

ಕೊನೆಗೆ ಮೊದಲ ಆಲ್ಬಮ್ಮಿನ ಕೊನೆಯ ಹಾಡನ್ನೇ ಇಟ್ಟುಕೊಂಡಿದ್ದೆವು. ಅದರ ಮುಕ್ತಾಯದ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ನಾಲ್ಕನೆಯ ಸುತ್ತಿಗೆ ನನ್ನ ಸಣ್ಣ ತಂತಿ ಕಿತ್ತು ಕೈ ನಿಂತುಹೋಯಿತು. ಬೇಸಿನವರು ನನ್ನ ಮಣಿಕಟ್ಟು ನೋಡಿ ಅವರೂ ನಿಂತರು. ಸಭೆ ನಿಲ್ಲಲಿಲ್ಲ, ನಡೆ ಒಂದಿಷ್ಟೂ ಇಳಿಸದೆ ಇನ್ನೂ ಹತ್ತು ಹನ್ನೆರಡು ಸುತ್ತು ಹಾಡಿದರು. ಅಷ್ಟರಲ್ಲಿ ಗಂಟೆ ಹತ್ತು ದಾಟಿದ್ದರಿಂದ, ಹೆಚ್ಚುವರಿ ಅರ್ಧ ಗಂಟೆಯ ಬಾಡಿಗೆಯೆಂದು ಮರುದಿನ 40 ಡಾಲರಿನ ಬಿಲ್ಲು ಬಂತು.