ಗೊಬ್ಬರದಂಗಡಿಯ ಉಪ್ಪಲ್ಲಿ ಹೆಪ್ಪುಗಟ್ಟಿದ ಹನ್ನೊಂದು ಜನ

"ಆಕಾಶನೌಕೆ, ಹೆಪ್ಪುಗಟ್ಟಿದ ಜನ, ಇದೆಲ್ಲ ಸಿನಿಮಾದವರ ಕೆಲಸ. ಸುಮ್ನೆ ಕುರುಕ್ಷೇತ್ರ ಮಾಡ್ರಪ್ಪ, ಸೀನರಿ ಬಾಡಿಗೆಗೆ ಸಿಗುತ್ತೆ" ಅಂದಿದ್ದರು ನಮ್ಮೂರ ಹಬ್ಬದ ಸಮಿತಿಯವರು. ನಾಟಕ ಮುಗಿದ ಮೇಲೆ ಅವರಲ್ಲೇ ಇಬ್ಬರು ಸ್ಟೇಜಿನ ಹಿಂದೆ ಬಂದು ಪೆಟ್ಟಿಗೆಯ ಮುಚ್ಚಳ ಮುಟ್ಟಿ ನೋಡಿದರು, ತಣ್ಣಗಿದೆಯಾ ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಕಡೆಯವನು. ಹೊಟ್ಟೆಪಾಡಿಗೆ ವೈರಿಂಗ್ ಕೆಲಸ, ಹವ್ಯಾಸಿ ತಂಡದಲ್ಲಿ ಸೆಟ್ಟು, ಲೈಟು ನನ್ನದು. ನಾಟಕ ಗೆಳೆಯ ಬರೆದದ್ದು. ಎರಡು ಪಡೆಗಳು ನಮ್ಮದು ನಮ್ಮದು ಅಂತ ಹೊಡೆದಾಡುತ್ತಿರುವ ಒಂದು ಜಾಗ. ಅದರ ಗಡಿ ದಾಟುವ ಮೊದಲು ನೌಕೆಯವರಿಗೆ ಕೆಟ್ಟು ನಿಂತ ಹಳೆಯ ನೌಕೆಯೊಂದು ಸಿಗುತ್ತದೆ. ಒಳಗೆ 11 ಪೆಟ್ಟಿಗೆ, 11 ಜನ. ಕ್ಯಾಪ್ಟನ್ ಹೆಂಗಸು, ಅವಳ ಕೈಯಲ್ಲಿರುವುದು 40 ನಿಮಿಷ. ಮಲಗಿರುವವರು ನಮ್ಮವರೋ ಶತ್ರುಗಳೋ ಗೊತ್ತಿಲ್ಲ. ಗಾಜಿನ ಮೇಲಿನ ಮಂಜು ಒರೆಸಿ ಮುಖ ನೋಡಬೇಕು. ಆ ಒರೆಸುವ ಗಳಿಗೆ ಸರಿ ಬಂದರೆ ನಾಟಕ ಬಂತು, ಇಲ್ಲದಿದ್ದರೆ ಇಲ್ಲ.

ಪೆಟ್ಟಿಗೆ ಸುಲಭ. 200 ಲೀಟರಿನ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನೂ ಒಂದರ ತುದಿಗೊಂದು ಜೋಡಿಸಿ, ನಡುವೆ ಬರುವ ತಳ ಕತ್ತರಿಸಿ ತೆಗೆದರೆ ಹೆಚ್ಚುಕಡಿಮೆ ಆರಡಿಯ ತೊಟ್ಟಿ. ಹಳೇ ಡ್ರಮ್ಮು 700-800 ರೂಪಾಯಿ. ಜನ ಮಲಗುವ ಪೆಟ್ಟಿಗೆ ಮೂರೇ. ಉಳಿದ ಎಂಟು ಹಿಂದಿನ ಸಾಲಲ್ಲಿ ಬರೀ ಥರ್ಮಾಕೋಲ್ ಮತ್ತು ಲೈಟು. ಥರ್ಮಾಕೋಲಿಗೆ ಎನಾಮೆಲ್ ಪೇಂಟ್ ಬಳಿದು ಕರಗಿಸಿಕೊಂಡ ಕಥೆ ನಿಮ್ಮಲ್ಲೂ ಇರುತ್ತೆ, ಅಲ್ವಾ? ನನಗೆ ಅದು ಎರಡನೇ ಸಲ.

ಮಂಜಿಗೆ ಬಂದಾಗಲೇ ದುಡ್ಡು ಹೋಗಲು ಶುರುವಾಯಿತು. ಮೊದಲು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್. ಬೆಂಗಳೂರಿಂದ 20 ಕೆಜಿ, ಮೀನಿನ ಥರ್ಮಾಕೋಲ್ ಡಬ್ಬದಲ್ಲಿ, ಗೆಳೆಯನ ಓಮ್ನಿಯಲ್ಲಿ ತಂದೆವು. ದಾರಿಯುದ್ದಕ್ಕೂ ಕಿಟಕಿ ತೆರೆದೇ ಇಟ್ಟಿದ್ದೆವು, ಆದರೂ ತಲೆ ಭಾರ. ಸಂಜೆ ತೂಗಿದರೆ 13 ಕೆಜಿಯೋ ಏನೋ ಉಳಿದಿತ್ತು. ಬಿಸಿನೀರಿಗೆ ಹಾಕಿದಾಗ ಚೆನ್ನಾಗೇ ಹರಿಯಿತು. ಆದರೆ ಆ ಹೊಗೆಯ ಜೊತೆ ಬರುವ ಗಾಳಿ ಭಾರ, ತಗ್ಗಿಗೇ ಹೋಗಿ ಕೂರುತ್ತದೆ. ನಮ್ಮ ತಗ್ಗು ಯಾವುದು? ಹುಡುಗ ಮಲಗಿದ್ದ ಪೆಟ್ಟಿಗೆ. ಎರಡೇ ನಿಮಿಷಕ್ಕೆ ಅವನು ಏದುಸಿರು ಬಿಡುತ್ತಾ ಎದ್ದು ಕೂತ. ನನಗೆ ಕೈಕಾಲು ನಡುಗಿತು. ಅವತ್ತೇ ಉಳಿದದ್ದನ್ನು ಬಯಲಲ್ಲಿ ಸುರಿದೆ. ಬಾಡಿಗೆ, ಪೆಟ್ರೋಲು ಸೇರಿ ಐದು ಸಾವಿರದ ಹತ್ತಿರ ನೀರಲ್ಲಿ ಹೋಮ.

ಆಮೇಲೆ ಫಾಗ್ ಮೆಷಿನ್, ದಿನಕ್ಕೆ 1,500 ಬಾಡಿಗೆ. ಆ ಹೊಗೆ ಕೆಳಗೆ ಕೂರುವುದಿಲ್ಲ, ಮೇಲೇಳುತ್ತದೆ. ಕ್ಯಾಪ್ಟನ್ನೇ ಕಾಣಲಿಲ್ಲ, ರಿಹರ್ಸಲ್ ನೋಡಲು ಬಂದವರಿಗೆಲ್ಲ ಕೆಮ್ಮು. "ಯಾರದೋ ಮನೇಲಿ ಹಂಡೆ ಒಲೆ ಹಚ್ಚಿದಂಗಿದೆ" ಅಂದರು ಒಬ್ಬರು. ಹುಟ್ಟುಹಬ್ಬಕ್ಕೆ ಊದುವ ಸ್ನೋ ಸ್ಪ್ರೇ ಕೂಡ ನೋಡಿದೆ. ಎರಡು ನಿಮಿಷಕ್ಕೆ ಜಾರಿ ಕೆಳಗೆ, ಶೇವಿಂಗ್ ಮಾಡಿಕೊಂಡು ಬಿಟ್ಟ ಕನ್ನಡಿಯ ಹಾಗೆ. ಅಲ್ಲಿಗೆ ಒಟ್ಟು ಒಂಬತ್ತು ಸಾವಿರ ಹೋಗಿತ್ತು. ಖಜಾಂಚಿ ಮಾತು ಬಿಟ್ಟಿದ್ದರು.

ಹೊಗೆ ಬೇರೆ, ಹೆಪ್ಪು ಬೇರೆ ಅಂತ ಹೊಳೆದದ್ದು ನಮ್ಮ ತೋಟದಲ್ಲಿ. ತೆಂಗಿನ ಗರಿ ಹಳದಿಯಾದಾಗ ಬುಡಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟ್ ಇದೆಯಲ್ಲ, ಅದನ್ನು ಕರಗಿಸಿದ್ದ ಬಕೆಟ್ಟು ಬಿಸಿಲಲ್ಲಿ ಒಣಗಿತ್ತು. ಅಂಚಿನ ತುಂಬಾ ಬಿಳಿ ಸೂಜಿಗಳು, ಗರಿಯ ಹಾಗೆ ಹರಡಿಕೊಂಡಿದ್ದವು. ಫ್ರೀಜರಿನ ಗೋಡೆ ನೋಡಿದಂತಾಯಿತು. ಕೆಜಿಗೆ 30-40 ರೂಪಾಯಿ. ಬಿಸಿನೀರಿಗೆ ಇನ್ನು ಕರಗಲ್ಲ ಅನ್ನುವ ತನಕ ಹಾಕಿ, ಹಳೇ ಪಂಚೆಯಲ್ಲಿ ಸೋಸಿ (ಗೊಬ್ಬರದ ಉಪ್ಪಲ್ಲಿ ಕಸ ಜಾಸ್ತಿ), ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಅಗಲ ಬ್ರಷ್ಷಿನಲ್ಲಿ ಬಳಿದರೆ ಆಯಿತು. ಲಿಕ್ವಿಡ್ ಇಲ್ಲದಿದ್ದರೆ ಪ್ಲಾಸ್ಟಿಕ್ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ. ಬಿಸಿಲಿದ್ದರೆ ಅರ್ಧ ಗಂಟೆ ಸಾಕು. ಮೋಡ ಕವಿದ ದಿನ ಹೇರ್ ಡ್ರೈಯರ್ ಹಿಡಿದು ಕೂರಬೇಕು.

ಮುಚ್ಚಳಕ್ಕೆ ಮೊದಲು ಡೈನಿಂಗ್ ಟೇಬಲ್ಲಿಗೆ ಹಾಸುವ ದಪ್ಪ ಪ್ಲಾಸ್ಟಿಕ್ ಶೀಟು ಬಳಸಿದೆ. ಬಾಗಿದರೆ ಸಾಕು, ಮಂಜು ಪರಪರ ಉದುರಿ ಮಲಗಿದವನ ಬಾಯಿಗೆ. ಬಾಯೆಲ್ಲ ಕಹಿ ಅಂತ ಅವನ ಬೈಗುಳ. ಕೊನೆಗೆ 3 ಎಂಎಂ ಅಕ್ರಿಲಿಕ್ ತಂದೆ, ಮೂರೂವರೆ ಸಾವಿರದ ಹತ್ತಿರ ಆಯಿತು. ಅದರ ಮೇಲೂ ಉಪ್ಪು ಕಚ್ಚಿ ಹಿಡಿಯಲು ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಮಾತ್ರ ಕೇಳಬೇಡಿ.

ಈ ಮಂಜಿನ ದೊಡ್ಡ ಗುಣ ಏನೆಂದರೆ ಒದ್ದೆ ಕೈ ಆಡಿಸಿದರೆ ಕರಗಿ ಹೋಗುತ್ತದೆ. ಕ್ಯಾಪ್ಟನ್ ಕೈಗವಸಿನ ಅಂಗೈಯಲ್ಲಿ ಉಗುರುಬೆಚ್ಚಗಿನ ನೀರು ಕುಡಿದ ಸ್ಪಂಜಿದೆ. ಅವಳು ಬಿಳಿ ಗಾಜಿನ ಮೇಲೆ ಒಮ್ಮೆ ಕೈ ಎಳೆದರೆ ಪಟ್ಟಿಯಷ್ಟು ಜಾಗ ತಿಳಿಯಾಗುತ್ತದೆ, ಒಂದು ಕಣ್ಣು ಕಾಣುತ್ತದೆ. ಇನ್ನೊಮ್ಮೆ ಎಳೆದರೆ ಮೂಗು, ಬಾಯಿ. ನೀರು ಸೋರಿ ಗೆರೆ ಮೂಡದ ಹಾಗೆ ನೋಡಿಕೊಳ್ಳುವುದಕ್ಕೂ ಒಂದು ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ. ಲೈಟಿನದು ಹೇಳುತ್ತೇನೆ. ಒರೆಸುವ ತನಕ ಪಕ್ಕದಿಂದ ಬಿಳಿ ಎಲ್ಇಡಿ ಮಾತ್ರ, ಹರಳು ಮಿನುಗುತ್ತದೆ, ಒಳಗಿರುವುದು ಕಾಣುವುದಿಲ್ಲ. ಕೈ ಆಡುವಾಗ ಅದನ್ನು ಇಳಿಸುತ್ತಾ ಪೆಟ್ಟಿಗೆಯೊಳಗಿನ ಸಣ್ಣ ಹಳದಿ ಬಲ್ಬು ಏರಿಸಬೇಕು. ನೀಲಿ ಬೇಡವೇ ಬೇಡ, ಮುಖ ಹೆಣದ ಹಾಗೆ ಕಾಣುತ್ತದೆ. ಇವರು ಬದುಕಿದ್ದಾರೆ ಅಂತ ಜನರಿಗೆ ಹೇಳುವುದು ಆ ಹಳದಿ.

ಆದರೆ ಒಳಗಿನ ಸೆಕೆ ನನ್ನ ತಲೆಗೆ ಹೋಗಿರಲಿಲ್ಲ. ಮುಚ್ಚಳ, ಲೈಟು, ದಪ್ಪ ಬಟ್ಟೆ. ಗ್ರ್ಯಾಂಡ್ ರಿಹರ್ಸಲ್ಲಿನಲ್ಲಿ ಗಾಜು ಒರೆಸಿದರೆ ಹಣೆ ತುಂಬಾ ಬೆವರು. ಸರೋವರದಲ್ಲಿ ಮುಳುಗಿ ಕೂತು ಬೆವರಿದ ದುರ್ಯೋಧನನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಐಸಲ್ಲಿ ಬೆವರಿದವನು ನಮ್ಮವನೇ ಮೊದಲಿರಬೇಕು. ಸಾಲದ್ದಕ್ಕೆ ಸೊಳ್ಳೆ. ನೂರಾರು ವರ್ಷದಿಂದ ಹೆಪ್ಪುಗಟ್ಟಿದ್ದ ಮನುಷ್ಯ ಪಟ್ ಅಂತ ಕೆನ್ನೆಗೆ ಹೊಡೆದುಕೊಂಡ! ಡ್ರಮ್ಮಿನ ಹಿಂಭಾಗಕ್ಕೆ ತೂತು ಕೊರೆದು ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕೂರಿಸಿದೆ, ಒಂದಕ್ಕೆ 80 ರೂಪಾಯಿ. ತೂತಿಗೆ ಸೊಳ್ಳೆ ಪರದೆ ಬಟ್ಟೆ. ಎರಡೂ ಕಾಟ ಮುಗಿಯಿತು.

ಇನ್ನೊಂದು ವಿಷಯ ಸೆಟ್ಟಿಗೆ ಸೇರಿದ್ದಲ್ಲ, ಆದರೂ ಹೇಳಬೇಕು. ಹೆಪ್ಪುಗಟ್ಟಿಸುವುದು ಏನು, ಹೇಗೆ ಅಂತ ಗೆಳೆಯ ಎರಡು ಪುಟ ಡೈಲಾಗ್ ಬರೆದಿದ್ದ. ಕೇಳಿದವರೆಲ್ಲ ಆಕಳಿಸಿದರು. ತಂಡದಲ್ಲಿ ಪಶು ಆಸ್ಪತ್ರೆಯಿಂದ ನಿವೃತ್ತರಾದ ಅಣ್ಣ ಒಬ್ಬರಿದ್ದಾರೆ. "ಅಯ್ಯೋ, ಹಸುವಿಗೆ ಸೂಜಿ ಹಾಕೋಕೆ ಬೈಕಲ್ಲಿ ಕ್ಯಾನ್ ತರ್ತೀವಲ್ಲ, ಅದನ್ನೇ ಹೇಳಿ" ಅಂದರು. ಸರಿಯಲ್ಲವೇ? ಆ ಕ್ಯಾನಿನೊಳಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಅದರಲ್ಲಿ ವರ್ಷಗಟ್ಟಲೆ ಇಟ್ಟ ಹೋರಿಯ ವೀರ್ಯದ ಕಡ್ಡಿಯನ್ನು 37 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಅದ್ದಿದರೆ ಒಳಗಿರುವುದು ಜೀವಂತ. ಇಡೀ ಮನುಷ್ಯನ ಮಾತು ಬೇರೆ ಬಿಡಿ. ಅಮೆರಿಕದಲ್ಲಿ 1967ರಿಂದ ಒಬ್ಬರ ದೇಹ ಹೀಗೇ ಇಟ್ಟಿದ್ದಾರೆ, ಎಬ್ಬಿಸುವ ದಾರಿ ಇನ್ನೂ ಸಿಕ್ಕಿಲ್ಲ. ಎರಡು ಪುಟ ಹೋಗಿ ಒಂದು ಸಾಲಾಯಿತು. ನೌಕೆಯ ಡಾಕ್ಟರ್ "ಮೂವತ್ತೇಳು ಡಿಗ್ರಿ, ಅರ್ಧ ನಿಮಿಷ" ಅಂದ ಕೂಡಲೇ ಡೈರಿಗೆ ಹಾಲು ಹಾಕುವ ಹೆಂಗಸರ ಕಡೆಯಿಂದ ಕಿಸಕ್ಕನೆ ನಗು. ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಪೆಟ್ಟಿಗೆ ತೆರೆಯುವ ಶಬ್ದಕ್ಕೆ ಕುಕ್ಕರ್ ಸೀಟಿ, ಸೈಕಲ್ ಪಂಪು, ಗ್ಯಾಸ್ ಲೈಟರ್ ಎಲ್ಲ ಆಯಿತು. ಕೊನೆಗೆ ಬೆಳಗಿನ ಐದೂವರೆಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಬಸ್ಸು ನಿಂತಾಗ ಬ್ರೇಕಿನಿಂದ ಪುಸ್ಸ್ ಅಂತ ಗಾಳಿ ಬಿಡುವುದನ್ನು ಮೊಬೈಲಲ್ಲಿ ಹಿಡಿದೆ. ಅರ್ಧ ವೇಗಕ್ಕೆ ಇಳಿಸಿದರೆ ಮೈ ಜುಮ್ಮೆನ್ನುತ್ತದೆ. ಕಂಡಕ್ಟರ್ ಮಾತ್ರ ನನ್ನನ್ನು ಅನುಮಾನದಿಂದ ನೋಡಿದರು.

ನಾಟಕದ ದಿನ ಮೊದಲ ಪೆಟ್ಟಿಗೆಯಲ್ಲಿ ನಮ್ಮ ತಂಡದ ಹಿರಿಯಕ್ಕ, 60 ದಾಟಿದವರು. ಫ್ಯಾನ್ ಗಾಳಿಗೆ ಅವರು ನಿಜವಾಗಲೂ ನಿದ್ದೆ ಹೋಗಿದ್ದರು. ಗೊತ್ತಿದ್ದವನು ನಾನೊಬ್ಬನೇ, ಸಣ್ಣ ಗೊರಕೆ ಹಿಂದಕ್ಕೆ ಕೇಳುತ್ತಿತ್ತು. ಕ್ಯಾಪ್ಟನ್ ಕೈ ಎಳೆದಳು. ಬಿಳಿ ಮಂಜಿನ ನಡುವೆ ಒಂದು ಮುದುಕಿಯ ಮುಖ, ಹಣೆಯಲ್ಲಿ ಕುಂಕುಮ. ಮುಂದಿನ ಸಾಲಲ್ಲಿ ಯಾರೋ "ಅಯ್ಯೋ, ಅಜ್ಜಿ" ಅಂದರು. ಆಮೇಲೆ ಸದ್ದೇ ಇಲ್ಲ. ಪುಸ್ಸ್ ಅಂದಾಗ ಅಕ್ಕ ಬೆಚ್ಚಿ ಕಣ್ಣು ಬಿಟ್ಟರು. ಅಂಥ ನಟನೆ ಅವರು ಜನ್ಮದಲ್ಲಿ ಮಾಡಿರಲಿಲ್ಲ ಅಂತ ಎಲ್ಲರೂ ಹೊಗಳಿದರು.

ಒಟ್ಟು ಖರ್ಚು 23-24 ಸಾವಿರ. ಈಗ ಪಕ್ಕದ ತಾಲ್ಲೂಕಿನ ತಂಡದವರು ಮೂರು ಪೆಟ್ಟಿಗೆ ಕೇಳುತ್ತಿದ್ದಾರೆ. ಎರಡು ಮಾತ್ರ ಇದೆ ಅಂದೆ, ಮೂರನೆಯದರಲ್ಲಿ ನಮ್ಮ ಹಸು ನೀರು ಕುಡಿಯುತ್ತಿದೆ. ಬಾಡಿಗೆ ದಿನಕ್ಕೆ 1,200, ಮಂಜು ಬಳಿಯಲು ನಾನೇ ಬರುತ್ತೇನೆ.